ಒಳಕೋಣೆಯ ಭಾರ

ಬೆಕ್ಕು ಒಳಕೋಣೆಗೆ ಹೋಗುವುದನ್ನು ಬಿಟ್ಟಿತ್ತು. ಅದನ್ನು ಗಮನಿಸಿದವಳು ಕಾಫಿಯಕ್ಕ ಒಬ್ಬಳೇ.

ಅಂಗಡಿಯ ಬೆಕ್ಕದು. ಬೂದು ಬಣ್ಣ, ಒಂದು ಕಿವಿ ಹರಿದಿದೆ. ಕಾಫಿಬೀಜ ಹುರಿಯುವ ದಿನ ಒಳಕೋಣೆಯ ಗೋಡೆ ಬೆಚ್ಚಗಾಗುತ್ತದೆಂದು ಅದಕ್ಕೆ ಗೊತ್ತಿತ್ತು. ಯಂತ್ರದ ಸದ್ದು ಶುರುವಾದರೆ ಸಾಕು, ಬಾಲ ಎತ್ತಿಕೊಂಡು ಹೋಗಿ ಗೋಣಿಚೀಲದ ಮೇಲೆ ಮುದುರಿ ಮಲಗುತ್ತಿತ್ತು. ಈಚೆಗೆ ಹಾಗಿಲ್ಲ. ಹೊಸ್ತಿಲವರೆಗೆ ಬರುತ್ತದೆ, ಮೂಗು ಚಾಚುತ್ತದೆ, ಯಾರೋ ಗದರಿದ ಹಾಗೆ ಹಿಂದೆ ಸರಿದು ಬೀದಿಗೆ ಹೊರಟುಬಿಡುತ್ತದೆ.

“ಅದಕ್ಕೂ ನಿಮ್ಮ ಪ್ರಾರ್ಥನೆಯ ಹಾಡು ಸಾಕಾಗಿರ್ಬೇಕು,” ಎಂದಳು ಮಹಡಿಯ ಅಜ್ಜಿ, ಬೆಳಗಿನ ಕಾಫಿಗೆ ಇಳಿದು ಬಂದವಳು. “ಪಾಪ, ಬೆಕ್ಕಿಗೆ ಕಿವಿ ಒಂದೂವರೆ ಇದೆ. ನನಗೆ ಎರಡೂ ನೆಟ್ಟಗಿವೆ ನೋಡು, ನನ್ನ ಕರ್ಮ.”

ಕಾಫಿಯಕ್ಕ ನಕ್ಕಳು. ಆದರೆ ಬೆಕ್ಕು ಹೋದ ದಾರಿಯನ್ನೇ ನೋಡುತ್ತ ನಿಂತಳು.

ಕಾಫಿಯಕ್ಕ ಎಂಬುದು ಅವಳ ಹೆಸರಲ್ಲ, ಬೀದಿಯವರು ಕೊಟ್ಟ ಬಿರುದು. ಪ್ರಾಯದಲ್ಲಿ ಅವಳು ದೊಡ್ಡದೊಂದು ಕಾಫಿ ಗೋದಾಮಿನಲ್ಲಿ ಹುರಿಯುವ ಕೆಲಸಕ್ಕಿದ್ದಳು. ಗಂಡ ತೀರಿಕೊಂಡ ಮೇಲೆ, ಗೋದಾಮಿನವರು ಗುಜರಿಗೆ ಹಾಕಲಿದ್ದ ಹಳೆಯ ಯಂತ್ರವನ್ನು ಕೇಳಿ ತಂದು ಈ ಮೂಲೆಯ ಮಳಿಗೆಯಲ್ಲಿ ನಿಲ್ಲಿಸಿದಳು. ಮುಂದೆ ಅಂಗಡಿ ಮತ್ತು ಯಂತ್ರ, ಹಿಂದೆ ಒಳಕೋಣೆ, ಮಧ್ಯೆ ಒಂದು ಬಾಗಿಲು. ಯಂತ್ರವೆಂದರೆ ಅಡ್ಡ ಮಲಗಿಸಿದ ಪೀಪಾಯಿ. ಕೆಳಗೆ ಗ್ಯಾಸಿನ ಉರಿ, ಪಕ್ಕದಲ್ಲಿ ಪೀಪಾಯಿಯನ್ನು ತಿರುಗಿಸುವ ಬೆಲ್ಟು, ಮೇಲೆ ಹೊಗೆಕೊಳವೆ. ಒಳಗಿನ ಬೀಜ ಹಸಿರಿನಿಂದ ಹಳದಿಗೆ, ಹಳದಿಯಿಂದ ಕಂದು ಬಣ್ಣಕ್ಕೆ ತಿರುಗಿ ಚಟಪಟ ಸಿಡಿಯುವಾಗ ಅದರ ಮೈಮೇಲಿನ ತೆಳುಸಿಪ್ಪೆ ಕಳಚಿ ಹೊಟ್ಟಾಗಿ ಹಾರುತ್ತದೆ. ಹೊಟ್ಟು, ಹೊಗೆ ಎಲ್ಲವೂ ಕೊಳವೆಯಲ್ಲಿ ಏರಿ, ಒಳಕೋಣೆಯ ಗೋಡೆಗುಂಟ ಸಾಗಿ, ಹಿಂಬದಿಯ ಸಂದಿಗೆ ಹೋಗಬೇಕು. ಅಲ್ಲಿ ಒಂದು ತಿರುವು ಇತ್ತು. ಆ ತಿರುವನ್ನು ಆಗಾಗ ಬಿಚ್ಚಿ ಗುಡಿಸುವುದು ಅವಳ ಪದ್ಧತಿಯಾಗಿತ್ತು, ಪ್ಲೈವುಡ್ ಬರುವ ತನಕ.

ಪ್ಲೈವುಡ್ ಬಂದದ್ದು ಸಭೆಯ ಹಿಂದೆ. ಸಭೆ ಎಂದರೆ ದೊಡ್ಡ ಸಭೆಯೇನಲ್ಲ. ಪ್ರಾರ್ಥನೆಗೆ ಸೇರುತ್ತಿದ್ದ ಹಳೆಯ ಸಭಾಂಗಣದ ಮಾಡು ಕುಸಿಯುವ ಹಾಗಾದಾಗ, ನಾಲ್ಕಾರು ಜನ ಒಂದು ಬುಧವಾರ ಬೆಳಿಗ್ಗೆ ಅಂಗಡಿಗೆ ಬಂದು ಕಾಫಿ ಹೇಳಿ, ಮೇಜಿನ ಸುತ್ತ ತಲೆ ತಗ್ಗಿಸಿ ಕೂತರು. ಅವರಿಗೆ ಹಿರಿಯ ಟೈಲರಣ್ಣ. ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡೇ ಪ್ರಾರ್ಥಿಸುವ ಮನುಷ್ಯ. ಯಾರ ಜತೆ ಮಾತಾಡಿದರೂ ಅವರ ಭುಜದ ಅಗಲವನ್ನು ಕಣ್ಣಲ್ಲೇ ಅಳೆಯುತ್ತಿದ್ದ. ಕಾಫಿಯಕ್ಕನಿಗೆ ಅವರೆಲ್ಲ ಇಷ್ಟವಾದರು. ಅವಳೂ ಅದೇ ಕ್ರೈಸ್ತ ನಂಬಿಕೆಯವಳು, ಆದರೆ ಗಂಡ ಹೋದ ಮೇಲೆ ಯಾವ ಪ್ರಾರ್ಥನೆಗೂ ಕೂತಿರಲಿಲ್ಲ. ಸಭಾಮಂದಿರದ ಮೆಟ್ಟಿಲು ಹತ್ತಲು ಕಾರಣ ಬೇಕು, ಒಳ್ಳೆಯ ಬಟ್ಟೆ ಬೇಕು, ಯಾಕೆ ಇಷ್ಟು ದಿನ ಬರಲಿಲ್ಲ ಎಂಬುದಕ್ಕೆ ಉತ್ತರ ಬೇಕು. ಕಾಫಿ ಅಂಗಡಿಗೆ ಇದ್ಯಾವುದೂ ಬೇಡ. ಹೀಗೆ ಬಂದವರಲ್ಲಿ ಒಬ್ಬ ಬಸ್ ಡ್ರೈವರ್. ಬಿಡುವಿನಲ್ಲಿ ಕಾಫಿಗೆಂದು ಬಂದವನು ಪಕ್ಕದ ಮೇಜಿನ ಹಾಡಿಗೆ ದನಿಗೂಡಿಸಿ ಅಲ್ಲೇ ಉಳಿದುಬಿಟ್ಟ. ಅವನ ಗಂಟಲಿಗೆ ಹೆದರಿ ಎಲ್ಲರೂ ಅವನನ್ನು ಹಾರನ್ನು ಎಂದೇ ಕರೆಯುತ್ತಿದ್ದರು.

ಹಾರನ್ನಿನ ದೆಸೆಯಿಂದಲೇ ಮಹಡಿಯ ಅಜ್ಜಿಯ ದೂರು ಬಂದದ್ದು. ಆಗ ಕಾಫಿಯಕ್ಕ ಒಳಕೋಣೆ ಖಾಲಿ ಮಾಡಿಕೊಟ್ಟಳು. ದನಿ ಮೇಲಕ್ಕೆ ಹೋಗದಿರಲೆಂದು ಗವಾಕ್ಷಿಗೆ ತಾನೇ ಏಣಿ ಹತ್ತಿ ಗೋಣಿ ತುರುಕಿದಳು. ಗೋಡೆಗೆ, ಕೊಳವೆ ಮುಚ್ಚುವ ಹಾಗೆ, ಪ್ಲೈವುಡ್ ಹೊಡೆಸಿದಳು. ಅದರ ಮೇಲೆ ಟೈಲರಣ್ಣ ಮರದ ಶಿಲುಬೆಯೊಂದನ್ನು ತೂಗುಹಾಕಿದ. ಕೋಣೆ ಚೆನ್ನಾಗಿ ಕಾಣಿಸಿತು. ತಿರುವಿನ ವಿಷಯ ಅವಳ ಮನಸ್ಸಿನಿಂದ ಜಾರಿಹೋಯಿತು.

ಮೊದಲ ಸಲ ಭಾರ ಇಳಿದದ್ದು ಹಾರನ್ನಿನ ಮೇಲೆ.

ಬಾಗಿಲು ಹಾಕಿಕೊಂಡು ಬಹಳ ಹೊತ್ತು ಪ್ರಾರ್ಥಿಸಿದ ದಿನ ಅದು. ಹೊರಗೆ ಕಾಫಿಯಕ್ಕ ಹುರಿಯುತ್ತಿದ್ದಳು. ಯಾವಾಗಲೂ ನಗೆಚಾಟಿಕೆ ಮಾಡುವ ಆಳು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿ, ಮೊಣಕಾಲೂರಿ, ಬಿಕ್ಕಿಬಿಕ್ಕಿ ಅತ್ತನಂತೆ. ಏಳಲು ಹೋದರೆ ಕಾಲು ಬರಲಿಲ್ಲವಂತೆ. “ಯಾರೋ ಹೆಗಲ ಮೇಲೆ ಕೂತ ಹಾಗಾಯ್ತು ಅಣ್ಣ,” ಎಂದನಂತೆ. ಟೈಲರಣ್ಣ ಅವನ ತಲೆಯ ಮೇಲೆ ಕೈಯಿಟ್ಟು, “ಕರ್ತನು ನಿನಗೆ ಭಾರ ಕೊಟ್ಟಿದ್ದಾನೆ,” ಎಂದ. ಪ್ರಾರ್ಥಿಸುವ ಜನರಲ್ಲಿ ಆ ಮಾತಿಗೆ ದೊಡ್ಡ ಬೆಲೆ. ಬೇರೆಯವರ ನೋವು ತನ್ನದಾಗಿ, ಪ್ರಾರ್ಥಿಸದೆ ಇರಲಾರೆನೆಂಬ ಸ್ಥಿತಿ ಬಂದರೆ ಅದು ಭಾರ. ಅದನ್ನು ಬೇಡಿ ಪಡೆಯುವವರಿದ್ದಾರೆ, ವರ್ಷಗಟ್ಟಲೆ ಕಾಯುವವರಿದ್ದಾರೆ. ಇಲ್ಲಿ ಒಬ್ಬ ಬಸ್ ಡ್ರೈವರನಿಗೆ ಕಾಫಿ ಅಂಗಡಿಯ ಹಿಂದೆ ಅದು ಸಿಕ್ಕಿತ್ತು.

ಆಮೇಲೆ ಎಲ್ಲರಿಗೂ ಸಿಗತೊಡಗಿತು. ಒಬ್ಬಳು ಹೆಂಗಸು ಕೂತಲ್ಲೇ ಒರಗಿದಳು. ಇನ್ನೊಬ್ಬನಿಗೆ ಕಣ್ಣು ಮಂಜಾಗಿ ಶಿಲುಬೆ ಎರಡಾಗಿ ಕಂಡಿತು. ಸುದ್ದಿ ಹಬ್ಬಿ ಬೇರೆ ಬೀದಿಗಳಿಂದ ಜನ ಬರತೊಡಗಿದರು. ಕೋಣೆಯಲ್ಲಿ ಮಂಡಿಗೆ ಮಂಡಿ ತಾಗುವಷ್ಟಾಯಿತು. ಪ್ರಾರ್ಥನೆ ಮುಗಿದು ಹೊರಬಂದವರು ಹಣೆ ಒತ್ತಿಕೊಳ್ಳುತ್ತ ಬೆಂಚಿನ ಮೇಲೆ ಕುಸಿಯುತ್ತಿದ್ದರು.

“ಏನೋ, ತಲೆ ಭಾರಾನಾ?” ಎಂದು ಅವಳು ಕೇಳಿದರೆ ಹಾರನ್ನು ಹೇಳುತ್ತಿದ್ದ: “ಭಾರ ಅಂತ ಬಂದ್ಮೇಲೆ ತಲೆಗೂ ಸ್ವಲ್ಪ ಪಾಲು ಬೇಡ್ವಾ ಅಕ್ಕ? ಸ್ಟ್ರಾಂಗಾಗಿ ಒಂದು ಕೊಡು. ನಿನ್ನ ಕಾಫಿ ಇಳಿದ್ರೆ ಅದೂ ಇಳಿಯತ್ತೆ.”

ನಿಜಕ್ಕೂ ಇಳಿಯುತ್ತಿತ್ತು. ತೆರೆದ ಬಾಗಿಲ ಮುಂದೆ ಕೂತು ಒಂದು ಲೋಟ ಕುಡಿಯುವಷ್ಟರಲ್ಲಿ ಮುಖಕ್ಕೆ ಕಳೆ ಬರುತ್ತಿತ್ತು. ಎಲ್ಲರೂ ಅವಳ ಕಾಫಿಯನ್ನು ಹೊಗಳಿದರು. ಬೀದಿಯ ಗಾಳಿಯನ್ನು ಯಾರೂ ಹೊಗಳಲಿಲ್ಲ.

ಅವಳಿಗೆ ಒಬ್ಬಳೇ ತಂಗಿ. ಪುಟ್ಟಿ ಎಂದು ಕರೆಯುತ್ತಿದ್ದುದು ಚಿಕ್ಕಂದಿನಲ್ಲಿ. ಮದುವೆಯಾಗಿ ಎಷ್ಟೋ ವರ್ಷ ಕಳೆದರೂ ಆ ಹೆಸರು ಹೋಗಿರಲಿಲ್ಲ. ಅಂಗಡಿಯ ಕೆಲಸದಲ್ಲಿ ಅಕ್ಕನಿಗೆ ಜತೆಯಾಗುತ್ತಿದ್ದಳು. ಮಗುವಿಗಾಗಿ ಅವಳು ಅತ್ತಷ್ಟು ಬೇರೆ ಯಾತಕ್ಕೂ ಅತ್ತಿರಲಿಲ್ಲ. ಮೂರು ಸಲ ಗರ್ಭ ನಿಂತು ಮೂರು ಸಲವೂ ಹೋಗಿತ್ತು. ಈ ಸಲ ನಿಂತಿತು, ಬೆಳೆಯಿತು, ಆರು ತಿಂಗಳು ತುಂಬಿತು. ಒಳಕೋಣೆಯ ಪ್ರಾರ್ಥನೆಯೇ ಅದನ್ನು ಹಿಡಿದು ನಿಲ್ಲಿಸಿದೆಯೆಂದು ಅವಳು ನಂಬಿದ್ದಳು. ಶಿಲುಬೆಯ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು ಕೂರುವ ಜಾಗವನ್ನು ಸಭೆಯವರು ಅವಳಿಗೇ ಬಿಟ್ಟಿದ್ದರು. ಬೆಚ್ಚಗಿರುತ್ತದೆ ಎಂದು.

ಒಂದು ಬುಧವಾರ ಲೋಟ ತೊಳೆಯುತ್ತ ತಂಗಿ ಹೇಳಿದಳು: “ಅಕ್ಕ, ಒಂದು ಆಶ್ಚರ್ಯ ಹೇಳ್ಲಾ? ಬೆಳಿಗ್ಗೆ ಎದ್ದಾಗಿಂದ ಒದೀತಾನೇ ಇರತ್ತೆ. ಫುಟ್ಬಾಲ್ ಆಡ್ತಿದೆಯೇನೋ ಅನ್ಸತ್ತೆ. ಒಳಕೋಣೆಗೆ ಹೋಗಿ ಕೂತ್ರೆ ಸಾಕು, ಗಪ್‌ಚಿಪ್. ಅದೂ ಪ್ರಾರ್ಥನೆ ಮಾಡತ್ತೆ.”

ಕಾಫಿಯಕ್ಕನ ಕೈಯಲ್ಲಿದ್ದ ಲೋಟ ಬೋಗುಣಿಯ ನೀರೊಳಗೆ ಜಾರಿತು.

“ಎಷ್ಟು ಹೊತ್ತು ಸುಮ್ಮನಿರತ್ತೆ?”

“ಮಧ್ಯಾಹ್ನದ ತನಕ. ಯಾಕೆ?”

“ಏನಿಲ್ಲ, ಕೇಳ್ದೆ.”

ತಂಗಿಯ ಕೆನ್ನೆ ಕೆಂಪೇರಿತ್ತು. ಸಭೆಯ ಹೆಂಗಸರು ಅದನ್ನು ತೇಜಸ್ಸು ಎನ್ನುತ್ತಿದ್ದರು. ಬಸುರಿಯ ಕೆನ್ನೆ ಕೆಂಪಾಗುವುದು ಸಹಜವೇ. ಆದರೆ ಕಾಫಿಯಕ್ಕನಿಗೆ ನೆನಪಾದದ್ದು ಬೇರೆ ಕೆನ್ನೆ. ಗೋದಾಮಿನಲ್ಲಿ ಹುರಿದ ಬೀಜ ತುಂಬಿಡುವ ಎತ್ತರದ ತೊಟ್ಟಿಗಳಿದ್ದವು. ಕಟ್ಟಿಕೊಂಡ ಬೀಜವನ್ನು ಬಿಡಿಸಲು ಇಳಿದ ಹುಡುಗಿಯೊಬ್ಬಳು ಮೇಲೆ ಬರಲಿಲ್ಲ. ಎತ್ತಿ ಮಲಗಿಸಿದಾಗ ಅವಳ ಕೆನ್ನೆ ಮದುವಣಗಿತ್ತಿಯ ಹಾಗೆ ಕೆಂಪಗಿತ್ತು. ಎದೆ ನಿಂತಿದೆ ಎಂದರು ಮೇಲಧಿಕಾರಿಗಳು. ಆರೋಗ್ಯವಂತೆಯ ಎದೆ ಹಾಗೆ ಏಕೆ ನಿಂತಿತೆಂದು ಯಾರೂ ಹೇಳಲಿಲ್ಲ. ಆ ದಿನದಿಂದ ತೊಟ್ಟಿಗೆ ಇಳಿಯುವ ಮುನ್ನ ಮುಚ್ಚಳಗಳನ್ನು ತೆಗೆದಿಡಬೇಕೆಂಬ ಹೊಸ ನಿಯಮ ಮಾತ್ರ ಬಂತು.

ಅವಳು ಒದ್ದೆ ಕೈಯಲ್ಲೇ ಹೋಗಿ ಒಳಕೋಣೆಯ ಬಾಗಿಲಲ್ಲಿ ನಿಂತಳು. ಘಮಘಮ ಕಾಫಿಯ ವಾಸನೆ. ಹೊಗೆ ಕಾಣುತ್ತಿರಲಿಲ್ಲ, ಕಣ್ಣು ಉರಿಯುತ್ತಿರಲಿಲ್ಲ. ಇಷ್ಟು ಒಳ್ಳೆಯ ವಾಸನೆಯಿರುವ ಜಾಗದಲ್ಲಿ ಕೆಟ್ಟದ್ದೇನಿರಲು ಸಾಧ್ಯ ಎಂದು ಅವಳಿಗೂ ಅನ್ನಿಸಿತು. ಪ್ಲೈವುಡ್‌ಗೆ ಅಂಗೈ ಒತ್ತಿದಳು. ಬೆಚ್ಚಗಿರಬೇಕಾದಲ್ಲಿ ಬಿಸಿಯಾಗಿತ್ತು.

ಮುಂದಿನ ಬುಧವಾರ ಅವಳು ಯಂತ್ರಕ್ಕೆ ಉರಿ ಹಚ್ಚಲಿಲ್ಲ. ಬೆಲ್ಟು ಸವೆದಿದೆ ಎಂದಳು. ಯಾರೂ ಬೆಲ್ಟಿನ ಬಗ್ಗೆ ಹೆಚ್ಚು ಕೇಳಲಿಲ್ಲ. ಬೆಕ್ಕು ಬಂದು ಹೊಸ್ತಿಲಲ್ಲಿ ಮೂಗು ಚಾಚಿ, ಒಳಗೆ ಹೋಗಿ, ಗೋಣಿಯ ಮೇಲೆ ಸುತ್ತು ಹಾಕಿ ಮಲಗಿತು. ಅವಳು ಉರಿಯಿಲ್ಲದ ಯಂತ್ರದ ಕಡೆ ತಿರುಗಿ ನೋಡಿದಳು.

ಅಂದು ಭಾರ ಇಳಿಯಲಿಲ್ಲ. ಜನ ಎಂದಿನಂತೆ ಹಾಡಿದರು, ಎಂದಿನಂತೆ ಕಣ್ಣು ಮುಚ್ಚಿ ಕಾದರು. ಯಾರಿಗೂ ಅಳು ಬರಲಿಲ್ಲ, ಯಾರ ಕಾಲೂ ಸೋಲಲಿಲ್ಲ. ಹೊರಗೆ ಬಂದಾಗ ಎಲ್ಲರ ತಲೆಯೂ ಹಗುರವಾಗಿತ್ತು, ಎಲ್ಲರ ಮುಖವೂ ಸಪ್ಪಗಾಗಿತ್ತು. ಸಭೆಯಲ್ಲಿ ಯಾರೋ ಪಾಪ ಮುಚ್ಚಿಟ್ಟುಕೊಂಡಿರಬೇಕು ಎಂಬ ಪಿಸುಮಾತು ಒಬ್ಬರಿಂದೊಬ್ಬರಿಗೆ ದಾಟಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡ ರೀತಿ ಕಾಫಿಯಕ್ಕನಿಗೆ ಹಿಡಿಸಲಿಲ್ಲ.

ಎಲ್ಲರೂ ಹೋದ ಮೇಲೆ ಟೈಲರಣ್ಣ ಉಳಿದ. ಟೇಪಿನ ಎರಡು ತುದಿಗಳನ್ನು ಹಿಡಿದು ಮೇಲೆ ಕೆಳಗೆ ಎಳೆಯುತ್ತಿದ್ದ. ಏನೋ ಹೇಳಬೇಕಿದ್ದಾಗ ಅವನು ಹಾಗೆ ಮಾಡುವುದು.

“ಅಕ್ಕ, ಒಂದು ವಿಷ್ಯ ನಾನು ಮೊದಲಿಂದ ಗಮನಿಸ್ತಾ ಇದೀನಿ. ಯಾರ ಹತ್ರಾನೂ ಹೇಳಿಲ್ಲ.”

ಅವಳು ಹತ್ತಿರ ಬಂದಳು. “ಏನಣ್ಣ?”

“ನೀನು ಹುರಿದ ದಿನ ಮಾತ್ರ ಭಾರ ಇಳಿಯತ್ತೆ.”

“ಹೌದಣ್ಣ! ನಾನೂ ಅದನ್ನೇ...”

“ನೋಡು, ನಿನಗೂ ಗೊತ್ತಾಗಿದೆ.” ಅವನ ಕಣ್ಣು ತುಂಬಿಕೊಂಡಿತು. “ನಿನ್ನ ಕೈಕೆಲಸಾನೇ ಕರ್ತನು ಕಾಣಿಕೆ ಅಂತ ತಗೊಂಡಿದ್ದಾನೆ ಅಕ್ಕ. ನಾವು ಒಳಗೆ ಪ್ರಾರ್ಥನೆ ಮಾಡ್ತೀವಿ, ನೀನು ಹೊರಗೆ ನಿಂತು ಹುರೀತೀಯ. ಒಳಗಿರೋ ನಮಗಿಂತ ಹೊರಗಿರೋ ನೀನೇ ಅವನಿಗೆ ಹತ್ತಿರ.”

ಅವಳು ತನ್ನ ಕೈಗಳನ್ನು ನೋಡಿಕೊಂಡಳು. ಗಂಡ ಸತ್ತ ಮೇಲೆ ಅವಳ ಕೈಗಳ ಬಗ್ಗೆ ಯಾರೂ ಇಂಥ ಮಾತು ಆಡಿರಲಿಲ್ಲ. ಕಾಫಿ ಚೆನ್ನಾಗಿದೆ ಎಂದವರಿದ್ದರು, ಅಷ್ಟೆ. ಒಂದು ಕ್ಷಣ, ಒಂದೇ ಕ್ಷಣ, ಅದು ನಿಜವಾಗಿರಲಿ ಎಂದು ಅವಳು ಬಯಸಿದಳು. ಆ ಕ್ಷಣದಲ್ಲಿ ಟೈಲರಣ್ಣ ಎದ್ದುಬಿಟ್ಟ.

“ಬರೋ ಬುಧವಾರ ಉಪವಾಸ ಪ್ರಾರ್ಥನೆ ಇಟ್ಕೊಳ್ಳೋಣ. ಬೆಳಿಗ್ಗೆಯಿಂದ ಸಂಜೆ ತನಕ, ಬಾಗಿಲು ತೆಗೆಯೋದೇ ಬೇಡ. ಪುಟ್ಟಿಯ ಮಗುವಿಗೋಸ್ಕರ. ಬೆಲ್ಟು ಸರಿ ಮಾಡಿಸ್ಕೊ. ಅವತ್ತು ನೀನು ಹುರೀಲೇಬೇಕು.”

“ಅಣ್ಣ, ಆ ಕೊಳವೆ ಯಾಕೋ ನನಗೆ ಅನುಮಾನ. ಒಂದ್ಸಲ ಬಿಚ್ಚಿ ನೋಡ್ಬೇಕು.”

“ನೋಡಿದ್ರಾಯ್ತು,” ಎಂದ ಟೈಲರಣ್ಣ, ಬಾಗಿಲ ಹತ್ತಿರ ಹೋಗಿ. “ಉಪವಾಸ ಮುಗೀಲಿ.”

ಆ ವಾರವೆಲ್ಲ ಅವಳು ಕೊಳವೆ ರಿಪೇರಿಯವನಿಗೆ ಫೋನು ಮಾಡಿದಳು. ಅವನು ಎತ್ತಲಿಲ್ಲ. ತಾನೇ ಬಿಚ್ಚೋಣವೆಂದು ಒಂದು ಮಧ್ಯಾಹ್ನ ಸ್ಕ್ರೂಡ್ರೈವರ್ ಹಿಡಿದು ಒಳಕೋಣೆಗೆ ಹೋದಳು. ಪ್ಲೈವುಡ್ ತೆಗೆಯಬೇಕೆಂದರೆ ಮೊದಲು ಶಿಲುಬೆ ಇಳಿಸಬೇಕು. ಕೈ ಮೇಲೆತ್ತಿದಳು. ಸಭೆಯಲ್ಲಿ ಹರಿದಾಡುತ್ತಿದ್ದ ಪಿಸುಮಾತು ನೆನಪಾಯಿತು. ನಾಳೆ ಬೇರೆ ಯಾರಾದರೂ ಜತೆಗಿರುವಾಗ ತೆಗೆದರಾಯಿತು ಎಂದುಕೊಂಡು ಕೈ ಇಳಿಸಿದಳು. ಉರಿ ಹಚ್ಚದಿದ್ದರೆ ಅಪಾಯವೇನಿಲ್ಲವಲ್ಲ. ತಂಗಿಗೂ ಬೆಲ್ಟಿನ ಮಾತನ್ನೇ ಹೇಳಿದಳು. ಈ ಮಗು ನಿಂತದ್ದು ಆ ಕೋಣೆಯಿಂದ ಎಂದು ನಂಬಿದವಳಿಗೆ, ಆ ಕೋಣೆಯೇ ಮಗುವಿನ ಉಸಿರು ಕಟ್ಟಿಸುತ್ತಿರಬಹುದು ಎಂದು ಹೇಗೆ ಹೇಳುವುದು? ಅದೂ ಖಚಿತವಿಲ್ಲದೆ?

ಉಪವಾಸದ ಬುಧವಾರ ಬಂತು. ಬೆಳಿಗ್ಗೆ ಬೇಗನೆ ಜನ ಸೇರತೊಡಗಿದರು. “ಸ್ತೋತ್ರ ಅಕ್ಕ, ಸ್ತೋತ್ರ,” ಎಂದು ಕರ್ತನ ಸ್ತುತಿಯಿಂದಲೇ ವಂದಿಸುತ್ತ ಒಬ್ಬೊಬ್ಬರೇ ಒಳಗೆ ಹೋದರು. ಹಾರನ್ನು ಹಸಿದ ಮುಖ ಮಾಡಿಕೊಂಡು ಬ್ರೆಡ್ಡಿನ ಗಾಜಿನ ಪೆಟ್ಟಿಗೆಯ ಮುಂದೆ ನಿಂತಿದ್ದ.

“ಅದನ್ನ ಯಾಕೋ ಹಂಗೆ ನೋಡ್ತಿದೀಯ?”

“ವಿದಾಯ ಹೇಳ್ತಿದೀನಿ ಅಕ್ಕ. ಸಂಜೆ ಸಿಗೋಣ ಅಂತ.”

ತಂಗಿ ಬಂದಳು. ಕಾಫಿಯಕ್ಕ ಅವಳ ಕೈ ಹಿಡಿದು ಪಕ್ಕಕ್ಕೆ ಕರೆದಳು. “ಪುಟ್ಟಿ, ಇವತ್ತು ಹೊರಗೇ ಕೂತ್ಕೊ. ದಿನವೆಲ್ಲ ನೆಲದ ಮೇಲೆ ಕೂತ್ರೆ ಬೆನ್ನು ನೋವು ಬರತ್ತೆ.”

“ನನ್ನ ಮಗುಗೋಸ್ಕರ ಉಪವಾಸ, ನಾನೇ ಹೊರಗೆ ಕೂರ್ಲಾ? ಚೆನ್ನಾಗಿದೆ ನಿನ್ನ ಮಾತು.”

“ಆಯ್ತು. ಯಂತ್ರ ಅಂತೂ ಇವತ್ತಿಲ್ಲ. ಬೆಲ್ಟು ಕಿತ್ತೋಗತ್ತೆ. ನಾನು ರಿಪೇರಿಯವನ್ನ ಕರ್ಕೊಂಡು ಬರ್ತೀನಿ.”

ರಿಪೇರಿಯವನ ಅಂಗಡಿ ಸೇತುವೆಯ ಆಚೆಗಿತ್ತು. ಅವನು ಒಂದು ಪಂಪಿನೊಳಗೆ ಮೊಣಕೈ ತನಕ ಕೈ ಹಾಕಿಕೊಂಡಿದ್ದ. ವಿಷಯ ಕೇಳಿ, “ಶಿಲುಬೆ ಹಿಂದೆ ಕೊಳವೆ ಇಟ್ಟಿದೀರಾ? ಅಕ್ಕ, ಶಿಲುಬೆ ನೀವೇ ಇಳಿಸ್ಬೇಕು. ಮಿಕ್ಕಿದ್ದು ನಾನು ನೋಡ್ಕೋತೀನಿ,” ಎಂದ. ಕೈ ತೊಳೆದು, ಚೀಲ ತುಂಬಿಕೊಂಡು ಹೊರಡಲು ತಡವಾಯಿತು. ದಾರಿಯುದ್ದಕ್ಕೂ ಅವನು ತನ್ನ ಫೋನು ನೀರಿಗೆ ಬಿದ್ದ ಕಥೆ ಹೇಳುತ್ತಿದ್ದ. ಅವಳು ಹೂಂಗುಟ್ಟುತ್ತಿದ್ದಳು.

ಬೀದಿಯ ತಿರುವಿನಲ್ಲಿ ಅವಳ ಕಾಲು ನಿಂತಿತು. ವಾಸನೆ. ಹದವಾಗಿ ಹುರಿದ ಬೀಜದ ವಾಸನೆಯಲ್ಲ. ಯಾರೂ ನೋಡಿಕೊಳ್ಳದೆ ಪೀಪಾಯಿಯಲ್ಲಿ ಸೀದುಹೋಗುತ್ತಿರುವ ಬೀಜದ ಕಹಿ ವಾಸನೆ. ಆಮೇಲೆ ಸದ್ದು ಕೇಳಿಸಿತು. ಗಡಗಡ, ಗಡಗಡ. ಯಂತ್ರ ತಿರುಗುತ್ತಿತ್ತು.

ಅವಳು ಓಡಿದಳು. ಅಂಗಡಿಯ ಮುಂದೆ ಬೆಕ್ಕು ಬೀದಿಯ ನಡುವೆ ಕೂತು ಬಾಗಿಲನ್ನೇ ನೋಡುತ್ತಿತ್ತು. ಅಂಗಡಿಯೊಳಗೆ ಯಾರೂ ಇರಲಿಲ್ಲ. ಒಳಕೋಣೆಯ ಬಾಗಿಲು ಹಾಕಿತ್ತು. ಹಾಡು ಇಲ್ಲ, ಚಪ್ಪಾಳೆ ಇಲ್ಲ. ಹಾರನ್ನು ಒಳಗಿದ್ದೂ ಸದ್ದಿಲ್ಲ. ಆ ನಿಶ್ಶಬ್ದವನ್ನು ಅವಳು ಮುಂದೆ ಎಂದೂ ಮರೆಯಲಿಲ್ಲ.

ಬಾಗಿಲಿಗೆ ಭುಜ ಕೊಟ್ಟಳು. ಅಗುಳಿ ಹಾಕಿರಲಿಲ್ಲ; ಆದರೆ ಬಾಗಿಲಿಗೆ ಯಾರೋ ಒರಗಿದ್ದರು, ತಳ್ಳಿದಂತೆಲ್ಲ ಆ ಮೈ ನೆಲದ ಮೇಲೆ ಜರುಗಿತು. ಹಾರನ್ನು. ಬಾಯಿ ತೆರೆದು ನಿದ್ದೆ ಹೋದವನ ಹಾಗಿದ್ದ. ಒಳಗೆ ಎಲ್ಲರೂ ಪ್ರಾರ್ಥನೆಯ ಭಂಗಿಯಲ್ಲೇ ಇದ್ದರು, ತಲೆ ಬಾಗಿಸಿ, ಒಬ್ಬರ ಹೆಗಲಿಗೆ ಒಬ್ಬರು ಒರಗಿ. ದೂರದಿಂದ ನೋಡಿದವರಿಗೆ ಎಂಥ ಶಾಂತಿ ಎನ್ನಿಸಬೇಕು. ಟೈಲರಣ್ಣ ಕಣ್ಣು ಅರೆ ತೆರೆದು, ತೊದಲುತ್ತ, “ಬಾಗಿಲು... ಹಾಕು ಅಕ್ಕ... ಭಾರ ಇಳಿದಿದೆ,” ಎಂದ.

“ಏಳಿ! ಎಲ್ಲಾ ಹೊರಗೆ ಬನ್ನಿ! ಅದು ಭಾರ ಅಲ್ಲ, ವಿಷ!”

ರಿಪೇರಿಯವನು ಯಂತ್ರದ ಉರಿ ಆರಿಸಿ ಬಂದು, ಕುರ್ಚಿ ಹತ್ತಿ, ಗವಾಕ್ಷಿಯ ಗೋಣಿಯನ್ನು ಕಿತ್ತೆಸೆದ. ಕಾಫಿಯಕ್ಕ ಜನರನ್ನು ದಾಟಿಕೊಂಡು ಶಿಲುಬೆಯ ಕೆಳಗೆ ಹೋದಳು. ತಂಗಿ ಗೋಡೆಗೆ ಒರಗಿ, ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೆನ್ನೆ ಕೆಂಪಗಿತ್ತು. ಕರೆದರೆ ಕಣ್ಣು ತೆರೆಯಲಿಲ್ಲ. ಅವಳ ಕಂಕುಳಿಗೆ ಕೈಹಾಕಿ ಎಳೆದುಕೊಂಡು ಬಂದದ್ದು ಹೇಗೆಂದು ಕಾಫಿಯಕ್ಕನಿಗೆ ಆಮೇಲೆ ನೆನಪಿರಲಿಲ್ಲ. ಮಹಡಿಯ ಅಜ್ಜಿ ಮೆಟ್ಟಿಲಲ್ಲಿ ನಿಂತು ಬೀದಿಗೆ ಕೇಳುವ ಹಾಗೆ ಆಂಬುಲೆನ್ಸಿಗೆ ಫೋನು ಮಾಡುತ್ತಿದ್ದುದು ಮಾತ್ರ ನೆನಪಿತ್ತು. ಒಬ್ಬೊಬ್ಬರಾಗಿ ಜನ ಬೀದಿಯಲ್ಲಿ ಕೂತು, ವಾಂತಿ ಮಾಡಿಕೊಂಡು, ತಲೆ ಹಿಡಿದುಕೊಂಡು, ನಿಧಾನವಾಗಿ ಮನುಷ್ಯರಾದರು.

ಆಸ್ಪತ್ರೆಯಲ್ಲಿ ತಂಗಿಗೆ ಪ್ರಜ್ಞೆ ಬಂದಾಗ ಮೂಗಿಗೆ ಆಮ್ಲಜನಕದ ಮುಖವಾಡವಿತ್ತು. ಅದನ್ನು ಸರಿಸಿ ಅವಳು ಆಡಿದ ಮೊದಲ ಮಾತು: “ಬೆಲ್ಟು ಸರಿಯಾಗೇ ಇತ್ತಲ್ಲ ಅಕ್ಕ. ನೀನು ನೋಡಿಲ್ಲ ಅಂದ್ಕೊಂಡೆ. ಮಗೂಗೆ ಭಾರ ಇಳೀಲಿ ಅಂತ ನಾನೇ ಹಚ್ದೆ. ಉರಿ ಸಣ್ಣಗಿಟ್ಟಿದ್ದೆ, ನೀನು ಬಂದು ನೋಡ್ಕೋತೀಯ ಅಂತ.”

ಕಾಫಿಯಕ್ಕ ಮುಖವಾಡವನ್ನು ಮತ್ತೆ ಸರಿಯಾಗಿ ಕೂರಿಸಿದಳು. ಬೆಲ್ಟಿನ ಸುಳ್ಳಿನ ಬದಲು ಕೊಳವೆಯ ಅನುಮಾನವನ್ನೇ ಹೇಳಿಬಿಟ್ಟಿದ್ದರೆ ಎಂಬ ಯೋಚನೆ ಅವಳನ್ನು ಬಿಡಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನವಳು, ಮೆತ್ತಗೆ ಮಾತಾಡುವವಳು. ಕೋಣೆಯಲ್ಲಿ ತುಂಬಿದ್ದ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉರಿಗೆ ಗಾಳಿ ಸಾಲದೆ ಹೋದಾಗ, ಹೊಗೆಗೆ ದಾರಿ ಕಟ್ಟಿದಾಗ ಸೇರಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ತಾನು ಹಿಡಿದು ಕೂರುತ್ತದೆ ಎಂದು ವಿವರಿಸಿದಳು. “ತಾಯಿಯ ರಕ್ತದಿಂದ ಬೇಗ ಬಿಟ್ಟುಹೋಗತ್ತೆ. ಮಗುವಿನ ರಕ್ತದಿಂದ ನಿಧಾನ. ಎದೆಬಡಿತ ಇದೆ, ಅದು ಒಳ್ಳೆ ಸುದ್ದಿ. ಮಿಕ್ಕಿದ್ದು ಹುಟ್ಟಿದ ಮೇಲೇ ಹೇಳಬೇಕು. ದಿನಾ ಒದೆತ ಗಮನಿಸ್ತಾ ಇರಿ. ಕಡಿಮೆ ಅನ್ಸಿದ್ರೆ ತಕ್ಷಣ ಬನ್ನಿ.”

ಮರುದಿನ ಕಾಫಿಯಕ್ಕ ಶಿಲುಬೆಯನ್ನು ತಾನೇ ಇಳಿಸಿ ಮೇಜಿನ ಮೇಲಿಟ್ಟಳು. ರಿಪೇರಿಯವನು ಪ್ಲೈವುಡ್ ಎಬ್ಬಿಸಿದ. ಕೊಳವೆಯ ಕೀಲು ಬಿಟ್ಟು ಬೆರಳು ತೂರುವಷ್ಟು ಸಂದಿಯಾಗಿತ್ತು; ತಿರುವಿನೊಳಗೆ ಕಾಫಿಯ ಹೊಟ್ಟು ತಲೆದಿಂಬಿನ ಹಾಗೆ ಒತ್ತಿ ತುಂಬಿತ್ತು. ಟೈಲರಣ್ಣನೂ ಬಂದಿದ್ದ. ಒಂದು ಚಿಟಿಕೆ ಹೊಟ್ಟನ್ನು ತೆಗೆದು, ಬಟ್ಟೆಯ ನೇಯ್ಗೆ ನೋಡುವ ಹಾಗೆ ಬೆರಳುಗಳ ನಡುವೆ ಉಜ್ಜಿದ. ಅದು ಪುಡಿಯಾಗಿ ಉದುರಿತು.

“ಇದಕ್ಕಾ ಅಕ್ಕ,” ಎಂದ, “ನಾನು ಇಷ್ಟು ದಿನ ಸ್ತೋತ್ರ ಅಂದಿದ್ದು?”

“ಸ್ತೋತ್ರ ಅಂದಿದ್ದು ಅವನಿಗೇ ಅಣ್ಣ. ಭಾರ ಮಾತ್ರ ಇದರದ್ದು.”

ಟೈಲರಣ್ಣ ಗೋಣಿ ಕಿತ್ತ ಗವಾಕ್ಷಿಯ ಕೆಳಗೆ ನಿಂತು, ಮೇಲೆ ನೋಡುತ್ತ, ಅದರ ಅಗಲವನ್ನು ಟೇಪಿನಿಂದ ಅಳೆದ. ಅದಕ್ಕೆ ತಂತಿಬಲೆ ಹೊಲಿದು ಕೊಡುತ್ತೇನೆ ಎಂದ.

ಈಗ ಸಭೆ ಮುಂದಿನ ಅಂಗಡಿಯಲ್ಲೇ ಕೂರುತ್ತದೆ, ಬಾಗಿಲು ತೆರೆದಿಟ್ಟುಕೊಂಡು. ಜನ ಕಡಿಮೆಯಾಗಿದ್ದಾರೆ. ಬೇರೆ ಬೀದಿಗಳಿಂದ ಬರುತ್ತಿದ್ದವರು, ಕಾಫಿಯಕ್ಕ ಭಾರವನ್ನೇ ಓಡಿಸಿಬಿಟ್ಟಳು ಎಂದು ಆಡಿಕೊಂಡು, ಬೇರೆ ಕಡೆ ಹೋದರು. ಬೇರೆ ಕಡೆ ಎಂದರೆ ಎಲ್ಲಿ, ಅಲ್ಲಿ ಗವಾಕ್ಷಿ ಇದೆಯೋ ಇಲ್ಲವೋ ಎಂದು ಅವಳಿಗೆ ಕೆಲವೊಮ್ಮೆ ದಿಗಿಲಾಗುತ್ತದೆ. ಹಾರನ್ನು ಮಾತ್ರ ಬರುತ್ತಾನೆ. ಮೊದಲಿಗಿಂತ ಮೆಲ್ಲಗೆ ಹಾಡುತ್ತಾನೆ. ಮಹಡಿಯ ಅಜ್ಜಿ ಬಗ್ಗಿ, “ಏನೋ, ಬ್ಯಾಟರಿ ಹೋಯ್ತಾ?” ಎನ್ನುತ್ತಾಳೆ. ಬೆಕ್ಕು ಒಳಕೋಣೆಯ ಹೊಸ್ತಿಲಲ್ಲಿ ಮಲಗುತ್ತದೆ, ಇನ್ನೂ ಒಳಗೆ ಹೋಗಿಲ್ಲ.

ಬುಧವಾರದ ಪ್ರಾರ್ಥನೆ ಮುಗಿದಾಗ ಕಾಫಿಯಕ್ಕ ತಂಗಿಯ ಮುಂದೆ ಹಾಲಿನ ಲೋಟ ಇಟ್ಟು ಒಂದೇ ಪ್ರಶ್ನೆ ಕೇಳುತ್ತಾಳೆ. ಕಳೆದ ಬುಧವಾರವೂ ಕೇಳಿದಳು.

“ಒದೀತಾ?”

ತಂಗಿ ಹೊಟ್ಟೆ ಸವರಿಕೊಂಡಳು. “ರಾತ್ರಿ ಒದೀತು. ಬೆಳಿಗ್ಗೆಯಿಂದ ಇನ್ನೂ ಇಲ್ಲ.”

“ಇನ್ನೂ ಇಲ್ವಾ?”

“ಸುಮ್ನಿರು ಅಕ್ಕ. ಹಾಲು ಕುಡಿದ್ಮೇಲೆ ಒದೀಬಹುದು.” ಲೋಟ ಖಾಲಿ ಮಾಡಿ, ಅಕ್ಕನ ಕೈಯನ್ನು ಎಳೆದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಹಾರನ್ನು ಮಾತು ನಿಲ್ಲಿಸಿದ. ಟೈಲರಣ್ಣ ಟೇಪಿನ ತುದಿ ಹಿಡಿದು ನಿಂತ. ಹೊರಗೆ ಬಸ್ಸೊಂದು ಹೋಯಿತು. ಗಾಜಿನ ಪೆಟ್ಟಿಗೆ ನಡುಗಿ, ಮತ್ತೆ ಸುಮ್ಮನಾಯಿತು.

ಅಂಗೈಯ ಕೆಳಗೆ ಏನೋ ಮಿಡಿಯಿತು. ಮಗುವಿನದೋ, ಅವಳ ಕೈಯ ನಾಡಿಯದೋ.

“ಬಂತಾ?” ಎಂದಳು ತಂಗಿ. “ನಿನಗೆ ಗೊತ್ತಾಯ್ತಾ?”

ಹೌದು ಎಂದು ಹೇಳುವುದು ಎಷ್ಟು ಸುಲಭವಿತ್ತು. ಎಲ್ಲರೂ ಅದಕ್ಕೇ ಕಾದಿದ್ದರು.

“ಗೊತ್ತಾಗ್ಲಿಲ್ಲ ಪುಟ್ಟಿ,” ಎಂದಳು ಕಾಫಿಯಕ್ಕ. ಒಂದು ಕೈಯನ್ನು ಅಲ್ಲೇ ಇಟ್ಟು, ಇನ್ನೊಂದು ಕೈಯಿಂದ ಏಪ್ರನ್ನಿನ ಗಂಟು ಬಿಚ್ಚತೊಡಗಿದಳು. “ಚಪ್ಪಲಿ ಹಾಕ್ಕೊ, ಡಾಕ್ಟರ ಹತ್ರ ಹೋಗೋಣ. ದಾರೀಲಿ ಒದ್ರೆ ಒದೀಲಿ.”